ಓದುಗರ ಪ್ರಶ್ನೆ: ಅಮೆರಿಕದಲ್ಲಿ ಅಷ್ಟು ಖರ್ಚು, ಆದರೂ ಸಾವು ಯಾಕೆ ಜಾಸ್ತಿ?

ಈ ತಿಂಗಳು ಬಂದ ಕಾಗದಗಳಲ್ಲಿ ಹೆಚ್ಚಿನವು ಬಿಪಿ, ಶುಗರ್, ಹಾರ್ಟ್, ಲಕ್ವ ಇವುಗಳ ಸುತ್ತಲೇ ಇದ್ದವು. ಕಲಬುರಗಿ ಜಿಲ್ಲೆಯ ತಾಲೂಕು ಆಸ್ಪತ್ರೆಗಳಲ್ಲಿ ಇದೇ ಕಾಯಿಲೆಗಳನ್ನು ನೋಡುತ್ತ ನೌಕರಿ ಮುಗಿಸಿದವಳು ನಾನು. ಹಾಗಾಗಿ ಮೊದಲ ಉತ್ತರ ಸ್ವಲ್ಪ ಉದ್ದವಾಗಿದೆ.

ಪ್ರಶ್ನೆ: ಡಾಕ್ಟರ್ ಬಾಯಾರೆ, ನಾನು ಹೈಸ್ಕೂಲ್ ಮಾಸ್ತರನಾಗಿ ನಿವೃತ್ತನಾದವನು. ಮಗ ಟೆಕ್ಸಾಸ್‌ನಲ್ಲಿದ್ದಾನೆ. ಅಲ್ಲಿನ ಆಸ್ಪತ್ರೆ, ಅಲ್ಲಿನ ಮಷೀನು ಜಗತ್ತಿನಲ್ಲೇ ಎಲ್ಲೂ ಇಲ್ಲ ಅಂತಾನೆ. ಆದರೆ ಬಿಪಿ, ಶುಗರ್, ಹಾರ್ಟಿನಿಂದ ವಯಸ್ಸಾಗುವ ಮೊದಲೇ ಸಾಯುವವರು ಶ್ರೀಮಂತ ದೇಶಗಳ ಪೈಕಿ ಅಮೆರಿಕದಲ್ಲೇ ಜಾಸ್ತಿ ಅಂತ ಪೇಪರಿನಲ್ಲಿ ಓದಿದೆ. ಯಾವುದು ನಿಜ?
— ನಿವೃತ್ತ ಮಾಸ್ತರರು, ಬ್ರಹ್ಮಪುರ, ಕಲಬುರಗಿ

ಉತ್ತರ: ಎರಡೂ ನಿಜ ಮಾಸ್ತರರೆ.

ಮೊದಲು ಲೆಕ್ಕದ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲೇ ಬಹಳ ಜನ ಜಾರುತ್ತಾರೆ. ಎರಡು ದೇಶಗಳ ಸಾವುಗಳನ್ನು ಸುಮ್ನೆ ಎಣಿಸಿ ಪಕ್ಕದಲ್ಲಿಟ್ಟರೆ ಏನೂ ತಿಳಿಯುವುದಿಲ್ಲ. ಜಪಾನಿನಲ್ಲಿ ನೂರಕ್ಕೆ ಸುಮಾರು 29 ಜನ 65 ದಾಟಿದವರು. ಅಮೆರಿಕದಲ್ಲಿ ಅವರು ಸುಮಾರು 17 ಮಂದಿ. ವೃದ್ಧಾಶ್ರಮದ ಸಾವುಗಳನ್ನು ಕಾಲೇಜ್ ಹಾಸ್ಟೆಲಿನ ಸಾವುಗಳ ಜೊತೆ ಹೋಲಿಸಿ, ಹಾಸ್ಟೆಲಿನ ಅಡುಗೆ ಚೆನ್ನಾಗಿದೆ ಅಂದ ಹಾಗಾಗುತ್ತದೆ. ಅದಕ್ಕೇ ತಿಳಿದವರು ಎಲ್ಲ ದೇಶಗಳ ವಯಸ್ಸಿನ ಪ್ರಮಾಣ ಒಂದೇ ಇದೆ ಅಂತ ಹಿಡಿದು ಲೆಕ್ಕ ಸರಿಪಡಿಸುತ್ತಾರೆ. ಆಮೇಲೆ ಇನ್ನೊಂದು ಜರಡಿ ಹಿಡಿಯುತ್ತಾರೆ. 75 ತುಂಬುವ ಮೊದಲು ಆದ ಸಾವುಗಳಲ್ಲಿ, ಹೊತ್ತಿಗೆ ಸರಿಯಾಗಿ ಚಿಕಿತ್ಸೆ ಸಿಕ್ಕಿದ್ದರೆ ತಪ್ಪಬಹುದಾಗಿದ್ದವು ಯಾವುವು ಅಂತ ನೋಡುತ್ತಾರೆ. ಲಕ್ವ, ಬಿಪಿಯಿಂದಾದ ಸಾವು, ಚಿಕ್ಕ ವಯಸ್ಸಿನವರ ಶುಗರ್, ಕೆಲವು ಕ್ಯಾನ್ಸರ್ ಎಲ್ಲ ಇದರಲ್ಲಿ ಬರುತ್ತವೆ.

ಲಂಡನ್ನಿನ ಎಲೆನ್ ನೋಲ್ಟೆ ಮತ್ತು ಮಾರ್ಟಿನ್ ಮೆಕ್ಕೀ 2008ರಲ್ಲಿ 19 ಶ್ರೀಮಂತ ದೇಶಗಳಿಗೆ ಈ ಲೆಕ್ಕ ಹಾಕಿದರು. ಹೃದಯದ ರಕ್ತನಾಳದ ಕಾಯಿಲೆಯ ಸಾವುಗಳಲ್ಲಿ ಅರ್ಧವನ್ನು ಮಾತ್ರ ಹಿಡಿದರು. ಉಳಿದರ್ಧಕ್ಕೆ ಬೀಡಿ, ಸಿಗರೇಟು, ಊಟ ಕಾರಣ ಇರಬಹುದು, ಆಸ್ಪತ್ರೆಯ ಮೇಲೆ ಹಾಕುವುದು ನ್ಯಾಯವಲ್ಲ ಅಂತ. ಎಷ್ಟು ಜೋಪಾನವಾಗಿ ಲೆಕ್ಕ ಮಾಡಿದ್ದಾರೆ ನೋಡಿ. 2002-03ರ ಅಂಕಿಗಳಲ್ಲಿ ಫ್ರಾನ್ಸ್ ಮೊದಲು ಬಂತು. ಲಕ್ಷ ಜನಕ್ಕೆ ಸುಮಾರು 65 ಸಾವು. ಜಪಾನ್ ಎರಡನೆಯದು, ಆಸ್ಟ್ರೇಲಿಯಾ ಮೂರನೆಯದು. ಅಮೆರಿಕ ಕೊನೆಗೆ, ಲಕ್ಷಕ್ಕೆ ಸುಮಾರು 110. ಮೇಲಿನ ಮೂರು ದೇಶಗಳ ಮಟ್ಟಕ್ಕೆ ಅಮೆರಿಕ ಬಂದಿದ್ದರೆ ವರ್ಷಕ್ಕೆ ಒಂದು ಲಕ್ಷ ಜನ ಉಳಿಯುತ್ತಿದ್ದರು ಅಂತ ಅವರ ಅಂದಾಜು. ಅಂಕಿ ಹಳೆಯದಾಯಿತು, ಆದರೆ ಅಮೆರಿಕ ಹಿಂದೆ ಬೀಳುವುದು ಇನ್ನೂ ನಿಂತಿಲ್ಲ.

ಖರ್ಚಿನಲ್ಲಿ ಮಾತ್ರ ಅದೇ ಮುಂದು. ದೇಶದ ಒಟ್ಟು ಉತ್ಪನ್ನದಲ್ಲಿ ನೂರಕ್ಕೆ 17ರಷ್ಟು ಆರೋಗ್ಯಕ್ಕೆ ಹೋಗುತ್ತದೆ. ತಲೆಗೆ ವರ್ಷಕ್ಕೆ 12,000 ಡಾಲರ್ ಮೇಲೆ. ಜಪಾನಿನಲ್ಲಿ ಇದರ ಅರ್ಧವೂ ಆಗುವುದಿಲ್ಲ.

ನಿಮ್ಮ ಮಗ ನೋಡಿದ ಮಷೀನುಗಳು ಸುಳ್ಳಲ್ಲ. ಸ್ತನ ಕ್ಯಾನ್ಸರ್ ಬಂದ ಅಮೆರಿಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 90 ಜನ ಐದು ವರ್ಷ ದಾಟುತ್ತಾರೆ. ಇದು ಜಗತ್ತಿನ ಅತಿ ಒಳ್ಳೆಯ ಫಲಿತಾಂಶಗಳಲ್ಲಿ ಒಂದು. ಆದರೆ ಮಷೀನಿನ ಹತ್ತಿರ ಬರುವ ಹೊತ್ತಿಗೆ ಬಿಪಿ ರೋಗಿಯ ಹಣೆಬರಹ ಅರ್ಧ ಬರೆದಾಗಿರುತ್ತದೆ. ಬಿಪಿಗೆ ನೋವಿಲ್ಲ, ಶುಗರಿಗೂ ಮೊದಮೊದಲು ನೋವಿಲ್ಲ. ಗುಳಿಗೆ ಇವತ್ತು ಬಿಟ್ಟರೆ ಇವತ್ತೇನೂ ಆಗುವುದಿಲ್ಲ, ನಾಳೆಯೂ ಏನೂ ಆಗುವುದಿಲ್ಲ. ಹಾಗಾಗಿ ಔಷಧಿ ಅಂಗಡಿಯಲ್ಲಿ ನೂರಿನ್ನೂರು ರೂಪಾಯಿ ಕೇಳಿದರೂ ಸಾಕು, ರೋಗಿ ಮೊದಲು ಬಿಡುವುದು ಈ ಗುಳಿಗೆಯನ್ನೇ.

ಚಿಂಚೋಳಿಯಲ್ಲಿದ್ದಾಗ ಒಬ್ಬ ಅಜ್ಜಿ ಬರುತ್ತಿದ್ದಳು. ಎಲೆ ಅಡಿಕೆ ಸಂಚಿಯಲ್ಲೇ ಗುಳಿಗೆಯೂ ಇರುತ್ತಿತ್ತು. ಪಟ್ಟಿಯನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ, ಚೂರುಗಳನ್ನು ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡಿದ್ದಳು. ಚೂರುಗಳ ಅಂಚಿಗೆಲ್ಲ ಸುಣ್ಣ ಮೆತ್ತಿತ್ತು. ಗುಳಿಗೆ ಕೊಟ್ಟು ತಿಂಗಳು ದಾಟಿದರೂ ಇನ್ನೂ ಅರ್ಧ ಉಳಿದಿದ್ದವು. "ಯಾಕವ್ವಾ, ದಿನಾ ತಗೊಳ್ಳಲ್ಲೇನು?" ಅಂದೆ. "ಒಂದಿನ ಬಿಟ್ಟು ಒಂದಿನ ತಗೋತೀನ್ರಿ ಬಾಯಾರ. ಮತ್ತ ಊರಾಗಿಂದ ಬರ್ಲಾಕ ಬಸ್ಸಿಗಿ ರೊಕ್ಕ ಬೇಕಲ್ರಿ" ಅಂದಳು. ಗುಳಿಗೆ ನಾವು ಪುಕ್ಕಟೆ ಕೊಡುತ್ತಿದ್ದೆವು. ಬಸ್ ಚಾರ್ಜು ಪುಕ್ಕಟೆ ಇರಲಿಲ್ಲ, ಶಕ್ತಿ ಯೋಜನೆ ಇನ್ನೂ ಬಂದಿರಲಿಲ್ಲ.

ಅಮೆರಿಕದಲ್ಲೂ ಇದನ್ನೇ ಮಾಡುತ್ತಾರೆ ಅಂದರೆ ನಂಬುತ್ತೀರಾ? ಇನ್ಸುಲಿನ್ ಶೀಶೆ ಬೇಗ ಮುಗಿಯಬಾರದು ಅಂತ ಡೋಸ್ ಕಡಿಮೆ ಮಾಡಿಕೊಂಡು ಸತ್ತವರಿದ್ದಾರೆ. ಅಲ್ಲಿ ದುಡಿಯುವ ವಯಸ್ಸಿನವರ ವಿಮೆ ಹೆಚ್ಚಾಗಿ ನೌಕರಿಗೆ ಗಂಟು ಬಿದ್ದಿರುತ್ತದೆ. ನೌಕರಿ ಹೋದರೆ ವಿಮೆಯೂ ಹೋಗುತ್ತದೆ. ವಿಮೆಯೇ ಇಲ್ಲದವರು ಇವತ್ತಿಗೂ ಸುಮಾರು ಎರಡೂವರೆ ಕೋಟಿ. ವಿಮೆ ಇದ್ದವರೂ ವರ್ಷದ ಶುರುವಿನಲ್ಲಿ ಇಷ್ಟು ಸಾವಿರ ಡಾಲರ್ ಕೈಯಿಂದ ಹಾಕಿದ ಮೇಲೆಯೇ ಕಂಪನಿ ಕೊಡಲು ಶುರು ಮಾಡುವ ಪದ್ಧತಿ ಬಹಳ ಕಡೆ ಇದೆ. 65 ತುಂಬಿದವರಿಗೆ ಸರ್ಕಾರದ ಮೆಡಿಕೇರ್ ಇದೆ, 1965ರಲ್ಲಿ ಕಾನೂನಾಯಿತು. ಆದರೆ ಬಿಪಿ ಶುರುವಾಗುವುದು ನಲವತ್ತಕ್ಕೆ. ನಲವತ್ತರಿಂದ ಅರವತ್ತೈದರವರೆಗೆ ಕಿಡ್ನಿ, ಕಣ್ಣು, ಹೃದಯ ಕಾಯುತ್ತ ಕೂರುವುದಿಲ್ಲ.

ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್ ಮತ್ತು ಅವರ ಜೊತೆಯವರು 1923ರಲ್ಲಿ ಅದರ ಹಕ್ಕನ್ನು ಟೊರಾಂಟೊ ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಮೆಡಿಕೇರಿನವರಿಗೆ ತಿಂಗಳಿಗೆ 35 ಡಾಲರಿಗಿಂತ ಜಾಸ್ತಿ ತಗೊಳ್ಳಬಾರದು ಅನ್ನುವ ನಿಯಮ ಬರಲು 2023 ಆಯಿತು. ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮೊದಲ ಸ್ಥಾನದ ಫ್ರಾನ್ಸ್ ಏನು ಮಾಡುತ್ತದೆ? ಅಲ್ಲಿ ಸಾಮಾನ್ಯ ಕಾಯಿಲೆಗೆ ರೋಗಿಯೂ ಸ್ವಲ್ಪ ಪಾಲು ಕೊಡಬೇಕು. ಆದರೆ ಬಹಳ ಕಾಲ ಕಾಡುವ ಕಾಯಿಲೆಗಳದ್ದೇ ಒಂದು ಪಟ್ಟಿ ಇದೆ. ಅದರಲ್ಲಿ ಸುಮಾರು 30 ಕಾಯಿಲೆಗಳು. ಶುಗರ್ ಇದೆ, ಕ್ಯಾನ್ಸರ್ ಇದೆ. ಆ ಕಾಯಿಲೆಯ ಚಿಕಿತ್ಸೆಯ ನಿಗದಿತ ದರವನ್ನು ವಿಮೆಯೇ ಪೂರ್ತಿ ಹೊರುತ್ತದೆ. ಅಂದರೆ ಯಾರು ಗುಳಿಗೆ ಬಿಡುವ ಸಾಧ್ಯತೆ ಜಾಸ್ತಿಯೋ ಅವರ ಮುಂದಿನಿಂದಲೇ ಗಲ್ಲಾಪೆಟ್ಟಿಗೆ ಎತ್ತಿಬಿಟ್ಟಿದ್ದಾರೆ.

ಅಮೆರಿಕ ಹಿಂದೆ ಬಿತ್ತು ಅಂತ ನಾವು ಸಮಾಧಾನ ಪಡುವ ಹಾಗಿಲ್ಲ ಮಾಸ್ತರರೆ. ಹೃದಯ, ಕ್ಯಾನ್ಸರ್, ಶುಗರ್, ಉಸಿರಾಟದ ದೀರ್ಘ ಕಾಯಿಲೆ, ಈ ನಾಲ್ಕರಿಂದ 30 ವಯಸ್ಸಿನವನು 70 ಮುಟ್ಟುವ ಮೊದಲು ಸಾಯುವ ಸಾಧ್ಯತೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕುತ್ತದೆ. ಜಪಾನಿನಲ್ಲಿ ನೂರಕ್ಕೆ 8ರ ಆಸುಪಾಸು. ಅಮೆರಿಕದಲ್ಲಿ 13-14. ನಮ್ಮ ದೇಶದಲ್ಲಿ ಸುಮಾರು 22.

ಪ್ರಶ್ನೆ: ಮೇಡಂ, ನನ್ನದು ಮೆಡಿಕಲ್ ಅಂಗಡಿ. ಜಪಾನಿನವರು ಮೀನು, ಅನ್ನ ತಿಂದು ಗಟ್ಟಿಯಾಗಿದ್ದಾರೆ, ಆಸ್ಪತ್ರೆಯಿಂದಲ್ಲ ಅಂತ ನಮ್ಮ ಅಂಗಡಿಗೆ ಬರುವ ಒಬ್ಬರು ವಾದ ಮಾಡುತ್ತಾರೆ. ಊಟ ಮುಖ್ಯವೋ ಡಾಕ್ಟರೋ?
— ಹುಮನಾಬಾದಿನ ಓದುಗ

ಉತ್ತರ: ಅವರಿಗೆ ಜಪಾನಿನ ಹಳೆಯ ಕಥೆ ಹೇಳಿ ತಮ್ಮಾ. 1951ರಿಂದ 1980ರವರೆಗೆ ಜಪಾನಿನಲ್ಲಿ ಅತಿ ಹೆಚ್ಚು ಜನ ಸತ್ತದ್ದು ಲಕ್ವದಿಂದ. ಆಗಲೂ ಅವರು ಮೀನು, ಅನ್ನವನ್ನೇ ತಿನ್ನುತ್ತಿದ್ದರು! ಉತ್ತರದ ಅಕಿತಾ ಭಾಗದಲ್ಲಿ ಚಳಿಗಾಲಕ್ಕೆ ಉಪ್ಪು ಹಾಕಿದ ಮೀನು, ಉಪ್ಪಿನಲ್ಲಿಟ್ಟ ತರಕಾರಿಯೇ ಗತಿ. ಅಲ್ಲಿನವರು ದಿನಕ್ಕೆ 25 ಗ್ರಾಂ ಮೇಲೆ ಉಪ್ಪು ತಿನ್ನುತ್ತಿದ್ದರು ಅಂತ ಆಗಿನ ಲೆಕ್ಕ ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 5 ಗ್ರಾಂ.

ಆಮೇಲೆ ಎರಡು ಕೆಲಸ ಒಟ್ಟಿಗೆ ನಡೆದವು. 1961ರಲ್ಲಿ ದೇಶದ ಎಲ್ಲರಿಗೂ ವಿಮೆ ಬಂತು. ಹಳ್ಳಿಗಳಲ್ಲಿ ಆರೋಗ್ಯ ಸಿಬ್ಬಂದಿ ಮನೆಮನೆಯವರ ಬಿಪಿ ನೋಡಿದರು, ಜಾಸ್ತಿ ಇದ್ದವರಿಗೆ ಗುಳಿಗೆ ಹಚ್ಚಿದರು. ಅದೇ ಹೊತ್ತಿಗೆ ಉಪ್ಪು ಕಡಿಮೆ ಮಾಡಿ ಅಂತ ಸಾರಿದರು. ಮನೆಗೆ ಫ್ರಿಜ್ ಬಂದದ್ದೂ ಸಹಾಯವಾಯಿತು, ಮೀನು ಕೆಡದಿರಲು ಉಪ್ಪೇ ಬೇಕು ಅನ್ನುವುದು ತಪ್ಪಿತು. ಲಕ್ವದ ಸಾವು ಇಳಿಯುತ್ತ ಹೋಯಿತು.

ಈಗಲೂ ಜಪಾನಿನಲ್ಲಿ 40ರಿಂದ 74ರವರೆಗಿನವರಿಗೆ ವರ್ಷಕ್ಕೊಮ್ಮೆ ತಪಾಸಣೆ ಇದೆ. 2008ರಿಂದ ಸೊಂಟದ ಸುತ್ತಳತೆಯನ್ನೂ ಟೇಪಿನಿಂದ ಅಳೆಯುತ್ತಾರೆ. ಗಂಡಸರಿಗೆ 85 ಸೆಂಟಿಮೀಟರ್, ಹೆಂಗಸರಿಗೆ 90. ಅದು ದಾಟಿ ಜೊತೆಗೆ ಬಿಪಿ, ಶುಗರ್ ಏನಾದರೂ ಏರಿದ್ದರೆ ಕರೆದು ಕೂರಿಸಿ ಸಲಹೆ ಕೊಡುತ್ತಾರೆ. ಜಪಾನಿನವರು ವರ್ಷಕ್ಕೆ ಸರಾಸರಿ ಹತ್ತು ಸಲಕ್ಕಿಂತ ಜಾಸ್ತಿ ಡಾಕ್ಟರ ಹತ್ತಿರ ಹೋಗುತ್ತಾರೆ.

ಊಟದ ಕಡೆ ಮಾತಾಡುವವರಿಗೆ ಫಿನ್ಲೆಂಡಿನ ಉತ್ತರ ಕರೇಲಿಯಾ ಇದೆ. ಹೈನಿನ ನಾಡು. ಬೆಣ್ಣೆ, ಕೊಬ್ಬಿನ ಹಾಲು, ಗಂಡಸರ ಬಾಯಲ್ಲಿ ಸಿಗರೇಟು. ಹೃದಯಾಘಾತದಿಂದ ನಡುವಯಸ್ಸಿನ ಗಂಡಸರು ಉದುರಿ ಬೀಳುತ್ತಿದ್ದರು. 1972ರಲ್ಲಿ ಪೆಕ್ಕಾ ಪುಸ್ಕಾ ಅನ್ನುವ ಯುವ ಡಾಕ್ಟರ ಮುಂದಾಳತ್ವದಲ್ಲಿ ಕೆಲಸ ಶುರುವಾಯಿತು. ಆಸ್ಪತ್ರೆಯಲ್ಲಿ ಕೂತು ಮಾಡಿದ್ದಲ್ಲ. ಊರಿನ ಮಹಿಳಾ ಸಂಘದವರು ಅಡುಗೆ ಮಾಡಿ ಉಣಿಸುತ್ತ ಬೆಣ್ಣೆ ಕಡಿಮೆ ಮಾಡುವುದು ಹೇಗೆ ಅಂತ ತೋರಿಸಿದರು. ಹಾಲಿನ ರೈತರಿಗೆ ನಷ್ಟವಾಗಬಾರದಲ್ವಾ, ಅದಕ್ಕೆ ಬೆರ್ರಿ ಹಣ್ಣು ಬೆಳೆಯಲು ನೆರವು ಕೊಟ್ಟರು. ಜೊತೆಗೇ ಬಿಪಿ ಇದ್ದವರ ಪಟ್ಟಿ ಮಾಡಿ ಗುಳಿಗೆ ಕೊಟ್ಟರು. ಸುಮಾರು ನಲವತ್ತು ವರ್ಷದಲ್ಲಿ ಅಲ್ಲಿನ ದುಡಿಯುವ ವಯಸ್ಸಿನ ಗಂಡಸರ ಹೃದ್ರೋಗದ ಸಾವು ನೂರಕ್ಕೆ 80ಕ್ಕಿಂತ ಜಾಸ್ತಿ ಇಳಿಯಿತು.

ಹಾಗಾಗಿ ಎರಡೂ ಬೇಕು. ನಮ್ಮ ಊಟ ಕೆಟ್ಟದ್ದೇನಲ್ಲ. ಜೋಳದ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆಗಿಂತ ಒಳ್ಳೆಯದು ಏನು ಬೇಕು? ಕಷ್ಟ ಇರುವುದು ಪಕ್ಕದಲ್ಲಿ ಬಂದು ಕೂರುವ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಸಂಜೆಯ ಮಿರ್ಚಿ ಭಜಿಯಲ್ಲಿ. ನಿಮ್ಮ ಅಂಗಡಿಯಲ್ಲಿ ಒಂದು ಬಿಪಿ ಮಷೀನ್ ಇಡಿ. ಗುಳಿಗೆ ಒಯ್ಯಲು ಬಂದವರನ್ನು ಐದು ನಿಮಿಷ ಕೂರಿಸಿ ನೋಡಿ. ಎಷ್ಟು ಜನಕ್ಕೆ ಬಿಪಿ ಹಿಡಿತದಲ್ಲಿಲ್ಲ ಅಂತ ನಿಮಗೇ ಗೊತ್ತಾಗುತ್ತದೆ. ಅವರನ್ನು ಡಾಕ್ಟರ ಹತ್ತಿರ ಕಳಿಸಿ, ಗುಳಿಗೆ ನೀವೇ ಏರಿಸಬೇಡಿ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಎಲ್ಲ ಪುಕ್ಕಟೆಯಂತೆ. ಆದರೆ ಆಪರೇಷನ್ನಿಗೆ ವರ್ಷಗಟ್ಟಲೆ ಕಾಯಬೇಕಂತೆ. ಹಾಗಿದ್ದರೆ ಖಾಸಗಿಯೇ ಒಳ್ಳೆಯದಲ್ಲವೇ?
— ಬಿ.ಎ. ವಿದ್ಯಾರ್ಥಿನಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಕಾಯುವುದು ನಿಜ ಮಗಳೆ. ಇಂಗ್ಲೆಂಡಿನಲ್ಲಿ ಕಾಯುವವರ ಪಟ್ಟಿ 70 ಲಕ್ಷ ದಾಟಿದೆ. ಮೊಣಕಾಲು, ಸೊಂಟದ ಆಪರೇಷನ್ನಿಗೆ ಕಾಯುವವರ ನೋವು ಸಣ್ಣದಲ್ಲ. ಪುಕ್ಕಟೆ ಅಂದ ಮಾತ್ರಕ್ಕೆ ಎಲ್ಲ ಸರಿಹೋಗುವುದೂ ಇಲ್ಲ. ಮೇಲೆ ಹೇಳಿದ 19 ದೇಶಗಳ ಲೆಕ್ಕದಲ್ಲಿ ಬ್ರಿಟನ್ ಕೂಡ ಕೊನೆಯ ನಾಲ್ಕರಲ್ಲಿತ್ತು. ಅದಕ್ಕೂ ಐದು ವರ್ಷ ಹಿಂದೆ ಅಮೆರಿಕಕ್ಕಿಂತ ಕೆಳಗಿತ್ತು. ಆದರೆ ಆ ಐದು ವರ್ಷದಲ್ಲಿ ಬ್ರಿಟನ್ನಿನ ಸಾವು ಸರಸರ ಇಳಿಯಿತು, ಅಮೆರಿಕದ್ದು ನೂರಕ್ಕೆ 4ರಷ್ಟು ಮಾತ್ರ.

ಬಿಪಿ, ಶುಗರಿನ ವಿಷಯದಲ್ಲಿ ಇಂಗ್ಲೆಂಡಿನ ಬಲ ಇರುವುದು ಅದರ ಊರ ಡಾಕ್ಟರರಲ್ಲಿ. ಪ್ರತಿಯೊಬ್ಬರ ಹೆಸರು ಒಂದು ಕ್ಲಿನಿಕ್ಕಿನಲ್ಲಿ ಬರೆದಿರುತ್ತದೆ. 2004ರಿಂದ ಆ ಡಾಕ್ಟರರ ಸಂಬಳದ ಒಂದು ಪಾಲು, ಅವರ ಪಟ್ಟಿಯಲ್ಲಿರುವ ಎಷ್ಟು ಜನರ ಬಿಪಿ, ಶುಗರ್ ಹಿಡಿತದಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ರೋಗಿ ಬರದಿದ್ದರೆ ಕ್ಲಿನಿಕ್ಕೇ ಕಾಗದ ಹಾಕಿ ಕರೆಯುತ್ತದೆ. ಔಷಧಿ ಚೀಟಿಗೆ ಇಂಗ್ಲೆಂಡಿನಲ್ಲಿ ಒಂದಿಷ್ಟು ಶುಲ್ಕ ಇದೆ. 60 ತುಂಬಿದವರಿಗೆ ಇಲ್ಲ, ಶುಗರಿಗೆ ಔಷಧಿ ತಗೊಳ್ಳುವವರಿಗೆ ಇಲ್ಲ. ಸ್ಕಾಟ್ಲೆಂಡ್, ವೇಲ್ಸಿನಲ್ಲಿ ಯಾರಿಗೂ ಇಲ್ಲ.

ಖಾಸಗಿ ಒಳ್ಳೆಯದೋ ಅಂದೆಯಲ್ಲ, ನೆದರ್‌ಲ್ಯಾಂಡ್ಸ್ ನೋಡು. ಅಲ್ಲಿ 2006ರಿಂದ ಎಲ್ಲರ ವಿಮೆಯೂ ಖಾಸಗಿ ಕಂಪನಿಗಳ ಕೈಯಲ್ಲೇ ಇದೆ. ಆದರೆ ಪ್ರತಿಯೊಬ್ಬರೂ ವಿಮೆ ಕೊಳ್ಳಲೇಬೇಕು. ನಿನಗೆ ಶುಗರ್ ಇದೆ, ಮೂಲ ವಿಮೆ ಕೊಡುವುದಿಲ್ಲ ಅಂತ ಯಾವ ಕಂಪನಿಯೂ ಹೇಳುವ ಹಾಗಿಲ್ಲ. ಬಡವರ ಕಂತಿಗೆ ಸರ್ಕಾರ ನೆರವು ಕೊಡುತ್ತದೆ. ಮೊದಲ ಇಷ್ಟು ಯೂರೋ ನೀವೇ ಕೊಡಬೇಕು ಅನ್ನುವ ನಿಯಮ ಅಲ್ಲೂ ಇದೆ, ಆದರೆ ಊರ ಡಾಕ್ಟರನ್ನು ಕಾಣಲು ಅದು ಅನ್ವಯಿಸುವುದಿಲ್ಲ. ಬಾಗಿಲಿನ ಮೇಲೆ ಸರ್ಕಾರಿ ಬೋರ್ಡ್ ಇದೆಯೋ ಖಾಸಗಿ ಬೋರ್ಡ್ ಇದೆಯೋ ಅನ್ನುವುದಕ್ಕಿಂತ, ಆ ಬಾಗಿಲಲ್ಲಿ ರೊಕ್ಕ ಎಣಿಸಬೇಕೋ ಬೇಡವೋ ಅನ್ನುವುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಪ್ರಶ್ನೆ: ಶುಗರ್ ಗುಳಿಗೆ ಬಹಳ ವರ್ಷ ತಗೊಂಡರೆ ಕಿಡ್ನಿ ಹೋಗುತ್ತದೆ ಅಂತ ನಮ್ಮ ಮಾವನವರು ಬಿಟ್ಟಿದ್ದಾರೆ. ಹೌದೇ?
— ಗೃಹಿಣಿ, ಬಸವಕಲ್ಯಾಣ

ಉತ್ತರ: ಅಲ್ಲ ತಂಗಿ. ಕಿಡ್ನಿ ತಿನ್ನುವುದು ಹಿಡಿತವಿಲ್ಲದ ಶುಗರ್ ಮತ್ತು ಬಿಪಿ. ಮೆಟ್‌ಫಾರ್ಮಿನ್‌ನಿಂದ ಕಿಡ್ನಿ ಹಾಳಾಗುವುದಿಲ್ಲ. ಕಿಡ್ನಿ ಮೊದಲೇ ತೀರಾ ಬಲಹೀನವಾಗಿದ್ದರೆ ಡಾಕ್ಟರು ಡೋಸ್ ಇಳಿಸುತ್ತಾರೆ ಇಲ್ಲವೇ ಗುಳಿಗೆ ಬದಲಿಸುತ್ತಾರೆ, ಅದರಿಂದ ಹುಟ್ಟಿದ ತಪ್ಪು ಮಾತಿದು. ಮಾವನವರನ್ನು ಈ ವಾರವೇ ಕರೆದೊಯ್ಯಿರಿ. ರಕ್ತದ ಕ್ರಿಯಾಟಿನಿನ್ ಮತ್ತು ಮೂತ್ರದ ಪರೀಕ್ಷೆ ಮಾಡಿಸಿ. ಆ ರಿಪೋರ್ಟ್ ನೋಡಿದರೆ ಅವರಿಗೂ ಧೈರ್ಯ ಬರುತ್ತದೆ.

ಪ್ರಶ್ನೆ: ಬಾಯಾರೆ, ನಮ್ಮದು ಚಿಂಚೋಳಿ ತಾಲೂಕಿನ ತಾಂಡಾ. ನನ್ನ ತಮ್ಮ ಗುಳೆ ಹೋಗಿ ಪುಣೆಯಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದ. ಊರಲ್ಲಿದ್ದಾಗ ಬಿಪಿ ಗುಳಿಗೆ ತಗೊಳ್ಳುತ್ತಿದ್ದ. ಅಲ್ಲಿ ಮುಗಿದ ಮೇಲೆ ತಗೊಳ್ಳಲಿಲ್ಲ. ಲಕ್ವ ಹೊಡೆಯಿತು. ವಯಸ್ಸು 42. ಈಗ ಮನೆಯಲ್ಲಿದ್ದಾನೆ, ಬಲಗೈ ಏಳುವುದಿಲ್ಲ. ಆ ದೊಡ್ಡ ದೇಶಗಳಲ್ಲಿ ಹುಟ್ಟಿದ್ದರೆ ಹೀಗಾಗುತ್ತಿರಲಿಲ್ಲವೇ?
— ನೊಂದ ಅಣ್ಣ

ಉತ್ತರ: ನಿಮ್ಮ ಕಾಗದ ಓದಿ ಬಹಳ ಸಂಕಟವಾಯಿತು ಅಣ್ಣಾ. ಆಗುತ್ತಲೇ ಇರಲಿಲ್ಲ ಅಂತ ಯಾರೂ ಮಾತು ಕೊಡಲಾರರು. ಆಗುವ ಸಾಧ್ಯತೆ ಬಹಳ ಕಡಿಮೆ ಇರುತ್ತಿತ್ತು. ಇಂಗ್ಲೆಂಡಿನಲ್ಲಿ ಒಬ್ಬ ಕೂಲಿಯವನು ಊರು ಬಿಟ್ಟು ಊರಿಗೆ ಹೋದರೆ ಹೊಸ ಊರಿನ ಕ್ಲಿನಿಕ್ಕಿನಲ್ಲಿ ಹೆಸರು ಬರೆಸುತ್ತಾನೆ, ಅವನ ಹಳೆಯ ದಾಖಲೆ ಅಲ್ಲಿಗೆ ಬರುತ್ತದೆ. ಜರ್ಮನಿಯಲ್ಲಿ 1883ರಲ್ಲಿ ಬಿಸ್ಮಾರ್ಕ್ ಕಾಲದ ವಿಮೆ ಕಾನೂನು ಮೊದಲು ಬಂದದ್ದೇ ದುಡಿಯುವ ಕೂಲಿಯವರಿಗೆ. ಇವತ್ತು ಅಲ್ಲಿ ವಿಮೆಯ ಕಾರ್ಡ್ ದೇಶದ ಯಾವ ಊರಲ್ಲೂ ನಡೆಯುತ್ತದೆ.

ನಮ್ಮಲ್ಲಿ ಆಗಿರುವುದೇನು? ತಾಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರಿನ ಎನ್‌ಸಿಡಿ ಕ್ಲಿನಿಕ್ ಇದೆ. ಆಶಾ ಕಾರ್ಯಕರ್ತೆಯರು 30 ದಾಟಿದವರ ಪಟ್ಟಿ ಮಾಡುತ್ತಾರೆ. ಕಲಬುರಗಿಗೆ ಜಯದೇವ ಹೃದ್ರೋಗ ಆಸ್ಪತ್ರೆ ಬಂದಿದೆ. ಮೊದಲೆಲ್ಲ ಎದೆನೋವು ಅಂದರೆ ಸೊಲ್ಲಾಪುರ ಇಲ್ಲವೇ ಹೈದರಾಬಾದ್ ಅನ್ನುತ್ತಿದ್ದೆವು. ಇವೆಲ್ಲ ದೊಡ್ಡ ಕೆಲಸಗಳೇ. ಆದರೆ ದೀಪಾವಳಿ ಮುಗಿಸಿ ಗುಳೆ ಹೊರಡುವವನ ಕೈಗೆ ಒಂದು ತಿಂಗಳ ಗುಳಿಗೆ ಕೊಟ್ಟು ಕಳಿಸಿದರೆ, ಅವನು ಯುಗಾದಿಗೆ ತಿರುಗಿ ಬರುವವರೆಗೆ ಏನು ಮಾಡಬೇಕು? ಪುಣೆಯಲ್ಲಿ ಅವನ ಕಾರ್ಡ್ ಯಾರು ಕೇಳುತ್ತಾರೆ? ಒಂದು ದಿನದ ಪಗಾರ ಬಿಟ್ಟು ಆಸ್ಪತ್ರೆಗೆ ಹೋಗುತ್ತಾನೆಯೇ? ನಮ್ಮ ಜಿಲ್ಲೆಗಳ ಅಧಿಕಾರಿಗಳಿಗೆ ನಾನು ಕೇಳುವುದು ಇದನ್ನೇ. ಗುಳೆ ಹೋಗುವವರಿಗೆ ಮೂರು ತಿಂಗಳ ಗುಳಿಗೆ ಒಟ್ಟಿಗೆ ಕೊಡಿ. ಹೊರಡುವ ಮುಂಚೆ ತಾಂಡಾಗಳಲ್ಲೇ ಬಿಪಿ ನೋಡುವ ಕ್ಯಾಂಪ್ ಹಾಕಿ.

ಈಗ ತಮ್ಮನ ವಿಷಯ. ಲಕ್ವ ಒಮ್ಮೆ ಹೊಡೆದವರಿಗೆ ಮತ್ತೆ ಹೊಡೆಯುವ ಭಯ ಜಾಸ್ತಿ. ಗುಳಿಗೆ ಒಂದು ದಿನವೂ ತಪ್ಪಬಾರದು. ಬಿಪಿ ಗುಳಿಗೆಯ ಜೊತೆ ಇನ್ನೂ ಒಂದೆರಡು ಗುಳಿಗೆ ಬರೆದಿರುತ್ತಾರೆ, ಅವನ್ನೂ ಬಿಡಬೇಡಿ. ಆಸ್ಪತ್ರೆಯ ಚೀಟಿ, ಗುಳಿಗೆಯ ಪಟ್ಟಿ, ಎರಡರ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಿ ಇರಲಿ. ಕೈಗೆ ಫಿಸಿಯೋಥೆರಪಿ ಬೇಕು. ಮೊದಲ ತಿಂಗಳುಗಳಲ್ಲೇ ಹೆಚ್ಚು ಸುಧಾರಣೆ ಆಗುವುದು, ಆದ್ದರಿಂದ ತಡ ಮಾಡಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಮನೆಯಲ್ಲಿ ಮಾಡಿಸುವ ವ್ಯಾಯಾಮ ಕಲಿತು ಬನ್ನಿ. ಮತ್ತೆ ಯಾವತ್ತಾದರೂ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಎಣ್ಣೆ ತಿಕ್ಕುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಒಯ್ಯಿರಿ. ರಕ್ತನಾಳ ಕಟ್ಟಿಕೊಂಡು ಆದ ಲಕ್ವಕ್ಕೆ ನಾಲ್ಕೂವರೆ ತಾಸಿನೊಳಗೆ ಕೊಡುವ ಇಂಜೆಕ್ಷನ್ ಇದೆ.

ನೀವು ಅವನಿಗಿಂತ ದೊಡ್ಡವರು, ಒಂದೇ ರಕ್ತ. ನಿಮ್ಮ ಬಿಪಿ ಎಷ್ಟಿದೆ ಅಂತ ಬರೆದಿಲ್ಲ. ತಮ್ಮನನ್ನು ಕರೆದೊಯ್ದ ದಿನ ನೀವೂ ತೋರಿಸಿ. ಅಂಕಿ ಬರೆದು ಕಳಿಸಿ, ಮುಂದಿನ ತಿಂಗಳು ಇಲ್ಲೇ ಉತ್ತರ ಕೊಡುತ್ತೇನೆ.